ಹುಟ್ಟಿನಿಂದಲೇ ಎರಡು ಪೌರತ್ವ ಇದ್ದರೆ ಅಧ್ಯಕ್ಷ ಹುದ್ದೆಗೆ ಅಡ್ಡಿಯೇ?

ಗಡಿರೇಖೆ (ಪ್ರಶ್ನೆ):

ಅಮೆರಿಕದ ಅಧ್ಯಕ್ಷರು ಜನ್ಮಜಾತ ಪೌರರೇ ಆಗಿರಬೇಕು ಎನ್ನುತ್ತದೆ ಅಲ್ಲಿನ ಸಂವಿಧಾನದ 2ನೇ ವಿಧಿ. ಅಲ್ಲಿ ಹುಟ್ಟಿ ‘ಅದರ ನ್ಯಾಯವ್ಯಾಪ್ತಿಗೆ ಒಳಪಟ್ಟವರು’ ಪೌರರು ಎನ್ನುತ್ತದೆ 14ನೇ ತಿದ್ದುಪಡಿ. ಈ ಎರಡನ್ನೂ ಗಂಟು ಹಾಕಿ ಒಂದು ವಾದ ಆಗಾಗ ತಲೆ ಎತ್ತುತ್ತದೆ. ಮಗು ಹುಟ್ಟುವಾಗ ತಂದೆ ಬೇರೆ ದೇಶದ ಪ್ರಜೆಯಾಗಿದ್ದರೆ ಮಗುವಿಗೂ ಆ ದೇಶದ ಪೌರತ್ವ ಅಂಟಿಕೊಳ್ಳುತ್ತದೆ, ಹಾಗಾಗಿ ಅದು ಎರಡು ನ್ಯಾಯವ್ಯಾಪ್ತಿಗಳಲ್ಲಿದೆ, ನಿಷ್ಠೆ ಹಂಚಿಹೋದವರು ಜನ್ಮಜಾತ ಪೌರರಲ್ಲ ಅಂತ. ಒಬಾಮ, ಕಮಲಾ ಹ್ಯಾರಿಸ್, ಸೆನೆಟರ್ ಟೆಡ್ ಕ್ರೂಜ್ ಮೂವರ ಮೇಲೂ ಇದನ್ನು ಹೂಡಿದ್ದಾರೆ.

ನನಗೆ ಬೇಕಿರುವುದು ಮೂರು ವಿಷಯ. ಇಲ್ಲಿ ‘ನ್ಯಾಯವ್ಯಾಪ್ತಿ’ ಅಂದರೆ ಏನು? ಎರಡನೇ ಪೌರತ್ವ ಅಲ್ಲಿ ಅನರ್ಹತೆಯೇ? ಸಂಸದರ ಅನರ್ಹತೆ ಹೇಳುವ ನಮ್ಮ ಸಂವಿಧಾನದ 102ನೇ ವಿಧಿ, ಆಸ್ಟ್ರೇಲಿಯಾ ಸಂವಿಧಾನದ 44ನೇ ಸೆಕ್ಷನ್ ಎಲ್ಲಿ ಬೇರೆಯಾಗುತ್ತವೆ? ತೀರ್ಪು, ವರ್ಷ ಸಮೇತ ಹೇಳಿದರೆ ಉಪಕಾರ. ಪಕ್ಷ ರಾಜಕೀಯ ದಯವಿಟ್ಟು ಬೇಡ.

ಕರಡುಪ್ರತಿ:

ವಾದ ಮುರಿಯುವುದು ಎರಡನೇ ಹೆಜ್ಜೆಯಲ್ಲೇ. ‘ಇಲ್ಲಿನ ನ್ಯಾಯವ್ಯಾಪ್ತಿಗೆ ಒಳಪಟ್ಟ’ ಎಂಬುದನ್ನು ‘ಬೇರೆ ಯಾರ ವ್ಯಾಪ್ತಿಗೂ ಒಳಪಡದ’ ಎಂದು ಓದಿಕೊಂಡಿದ್ದಾರೆ. ಆ ಎರಡನೆಯ ಅರ್ಥ ಪಠ್ಯದಲ್ಲಿ ಇಲ್ಲ. ಆ ನೆಲದ ಕಾನೂನು ಆ ವ್ಯಕ್ತಿಯ ಮೇಲೆ ನಡೆಯುತ್ತದೆಯೇ ಎಂಬುದಷ್ಟೇ ಪ್ರಶ್ನೆ. ವೀಸಾದ ಮೇಲೆ ಬಂದವನು ಕಳ್ಳತನ ಮಾಡಿದರೆ ಅಲ್ಲಿನ ಪೊಲೀಸರೇ ಹಿಡಿಯುತ್ತಾರೆ, ಅಲ್ಲಿನ ಕೋರ್ಟೇ ಶಿಕ್ಷೆ ಕೊಡುತ್ತದೆ. ರಾಯಭಾರಿಯನ್ನು ಹಾಗೆ ಹಿಡಿಯಲಾಗದು. ಆ ಗೆರೆ ಎಳೆಯುವುದಕ್ಕೇ ಈ ಪದಗಳು ಇರುವುದು.

ಮೂಲ ತೀರ್ಪು 1898ರ ವಾಂಗ್ ಕಿಮ್ ಆರ್ಕ್. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದವನು, ತಂದೆತಾಯಿ ಚೀನಾ ಚಕ್ರವರ್ತಿಯ ಪ್ರಜೆಗಳು. ಚೀನಾಕ್ಕೆ ಹೋಗಿ 1895ರಲ್ಲಿ ಮರಳಿ ಬಂದಾಗ ‘ನೀನು ಪೌರನಲ್ಲ’ ಎಂದು ಹಡಗಿನಿಂದ ಇಳಿಯಲು ಬಿಡಲಿಲ್ಲ. ಸುಪ್ರೀಂ ಕೋರ್ಟ್ 6–2ರಲ್ಲಿ ಅವನು ಹುಟ್ಟಿನಿಂದಲೇ ಪೌರ ಎಂದಿತು. ಹೊರಗಿಟ್ಟದ್ದು ಬೆರಳೆಣಿಕೆಯ ಗುಂಪುಗಳನ್ನು ಮಾತ್ರ: ವಿದೇಶಿ ರಾಯಭಾರಿಗಳ ಮಕ್ಕಳು, ದಂಡೆತ್ತಿ ಬಂದು ನೆಲ ಹಿಡಿದ ಶತ್ರುಗಳ ಮಕ್ಕಳು, ವಿದೇಶಿ ಸರ್ಕಾರಿ ಹಡಗಿನಲ್ಲಿ ಹುಟ್ಟಿದವರು, ಮತ್ತು ಬುಡಕಟ್ಟಿಗೆ ನೇರ ನಿಷ್ಠೆ ಇದ್ದ ಮೂಲನಿವಾಸಿಗಳು. ಕೊನೆಯವರನ್ನು 1884ರ ಎಲ್ಕ್ ವಿರುದ್ಧ ವಿಲ್ಕಿನ್ಸ್ ತೀರ್ಪು ಆಗಲೇ ಹೊರಗಿಟ್ಟಿತ್ತು. 1924ರ ಕಾಯ್ದೆ ಅವರನ್ನೂ ಒಳಗೆ ತಂದಿತು.

ಆ ತೀರ್ಪಿನ ಭಿನ್ನಮತವನ್ನು ಓದುವವರು ಕಡಿಮೆ, ಆದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಲ್ಲೇ ಇದೆ. ಮುಖ್ಯ ನ್ಯಾಯಮೂರ್ತಿ ಫುಲ್ಲರ್ ಅವರ ತಕರಾರು ಇದು: ಬಹುಮತದ ಮಾತು ಒಪ್ಪಿದರೆ ದೇಶದ ಮೂಲಕ ಹಾದುಹೋಗುತ್ತಿದ್ದ ವಿದೇಶಿಯರಿಗೆ ಹುಟ್ಟಿದ ಮಗುವೂ ಅಧ್ಯಕ್ಷ ಹುದ್ದೆಗೆ ಅರ್ಹವಾಗುತ್ತದಲ್ಲ! ಅಂದರೆ ತೀರ್ಪಿನ ಪರಿಣಾಮ ಏನೆಂದು ಸೋತ ಪಕ್ಷಕ್ಕೇ ಅವತ್ತೇ ಗೊತ್ತಿತ್ತು.

ಅದಕ್ಕೂ ಮುಂಚಿನ 1875ರ ಮೈನರ್ ವಿರುದ್ಧ ಹ್ಯಾಪರ್ಸೆಟ್ ಅನ್ನು ಎದುರು ವಾದದವರು ಗುರಾಣಿ ಮಾಡಿಕೊಳ್ಳುತ್ತಾರೆ. ಅದು ಮಹಿಳೆಯರ ಮತದಾನದ ಮೊಕದ್ದಮೆ. ಪೌರ ತಂದೆತಾಯಿಗೆ ಅಲ್ಲೇ ಹುಟ್ಟಿದವರ ಬಗ್ಗೆ ಅನುಮಾನವಿಲ್ಲ, ವಿದೇಶಿಯರಿಗೆ ಹುಟ್ಟಿದವರ ಬಗ್ಗೆ ಅನುಮಾನಗಳಿವೆ, ಅದನ್ನು ಈಗ ಬಗೆಹರಿಸಬೇಕಿಲ್ಲ ಎಂದು ಬಿಟ್ಟಿತು. ಬಗೆಹರಿಸದೆ ಬಿಟ್ಟದ್ದನ್ನು ತೀರ್ಮಾನ ಎಂದು ಉಲ್ಲೇಖಿಸುವುದು ಓದುಗರ ಕಣ್ಣಿಗೆ ಮಣ್ಣೆರಚುವ ಕೆಲಸ. 2009ರಲ್ಲಿ ಇಂಡಿಯಾನಾದ ಮೇಲ್ಮನವಿ ನ್ಯಾಯಾಲಯ ಆಂಕೆನಿ ಪ್ರಕರಣದಲ್ಲಿ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಅಮೆರಿಕದ ಗಡಿಯೊಳಗೆ ಹುಟ್ಟಿದವರು ತಂದೆತಾಯಿಯ ಪೌರತ್ವ ಏನೇ ಇರಲಿ ಜನ್ಮಜಾತ ಪೌರರು ಎಂದಿತು.

ಚರಿತ್ರೆಯಿಂದಲೇ ಉದಾಹರಣೆ ಬೇಕಾದರೆ ಚೆಸ್ಟರ್ ಆರ್ಥರ್. ಹುಟ್ಟಿದ್ದು 1829, ವರ್ಮಾಂಟ್. ತಂದೆ ಅಮೆರಿಕದ ಪೌರರಾದದ್ದು 1843. 1881ರಲ್ಲಿ ಆರ್ಥರ್ ಅಧ್ಯಕ್ಷರಾದರು.

ದಾಖಲೆಪೆಟ್ಟಿಗೆ:

ಮೇಲಿನದಕ್ಕೆ ಒಂದು ಸೇರಿಸುತ್ತೇನೆ, ಯಾಕೆಂದರೆ ಗೊಂದಲದ ಬೇರು ಅಲ್ಲಿದೆ. ಯಾರು ತನ್ನ ಪೌರ ಎಂದು ಹೇಳುವುದು ಆಯಾ ದೇಶದ ಕಾನೂನು ಮಾತ್ರ. 1930ರ ಹೇಗ್ ಒಪ್ಪಂದದ 1ನೇ ವಿಧಿ ಇದನ್ನೇ ಬರೆದಿಟ್ಟಿದೆ. 3ನೇ ವಿಧಿ ಪ್ರಕಾರ ಎರಡು ಪೌರತ್ವ ಇದ್ದವರನ್ನು ಎರಡೂ ದೇಶಗಳು ತಮ್ಮವರೆಂದೇ ನಡೆಸಿಕೊಳ್ಳಬಹುದು. ಹಾಗಾಗಿ ‘ಬ್ರಿಟನ್ ಕಾನೂನಿನಲ್ಲಿ ಒಬಾಮ ಹುಟ್ಟುವಾಗ ಬ್ರಿಟಿಷ್ ಪ್ರಜೆ’ ಎಂಬ ಮಾತು ನಿಜವೇ. ತಂದೆಯ ಮೂಲಕ 1948ರ ಬ್ರಿಟಿಷ್ ಕಾಯ್ದೆಯಲ್ಲಿ ಬಂತು, 1963ರ ಡಿಸೆಂಬರ್‌ನಲ್ಲಿ ಕೀನ್ಯಾ ಸ್ವತಂತ್ರವಾದಾಗ ಕೀನ್ಯಾದ್ದಾಯಿತು, ವಯಸ್ಕರಾದ ಮೇಲೆ ಅಮೆರಿಕದ್ದನ್ನು ಬಿಡದ ಕಾರಣ ತಾನಾಗಿ ಕಳಚಿತು. ಆದರೆ ಇದು ಕೀನ್ಯಾದ ಲೆಕ್ಕ. ಅಮೆರಿಕದ 2ನೇ ವಿಧಿ ಆ ಲೆಕ್ಕವನ್ನು ಕೇಳುವುದೇ ಇಲ್ಲ. ಕೇಳುವುದು ಮೂರೇ: ಜನ್ಮಜಾತ ಪೌರನೇ, 35 ವರ್ಷ ಆಗಿದೆಯೇ, 14 ವರ್ಷ ಅಲ್ಲಿ ವಾಸವಿದ್ದಾನೆಯೇ. ಉಪಾಧ್ಯಕ್ಷರಿಗೂ ಅವೇ, 12ನೇ ತಿದ್ದುಪಡಿಯಿಂದ.

ಕೇಳುವಂತಿದ್ದರೆ ಏನಾಗುತ್ತಿತ್ತು ನೋಡಿ. ಯಾವುದೋ ದೇಶದ ಸಂಸತ್ತು ನಾಳೆ ಬೆಳಿಗ್ಗೆ ‘ಇಂಥವರ ಮೊಮ್ಮಕ್ಕಳೆಲ್ಲ ನಮ್ಮ ಪೌರರು’ ಎಂದು ಕಾಯ್ದೆ ಮಾಡಿ ಇನ್ನೊಂದು ದೇಶದ ಅಭ್ಯರ್ಥಿಯನ್ನು ಕಣದಿಂದ ಎತ್ತಿಬಿಡಬಹುದು.

ಎರಡು ಪೌರತ್ವ ಅಮೆರಿಕದ ಕೋರ್ಟಿಗೆ ಹೊಸದೂ ಅಲ್ಲ. 1939ರ ಪರ್ಕಿನ್ಸ್ ವಿರುದ್ಧ ಎಲ್ಗ್: ನ್ಯೂಯಾರ್ಕಿನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಸ್ವೀಡನ್ನಿಗೆ ಒಯ್ಯಲ್ಪಟ್ಟು, ಅಪ್ಪ ಮತ್ತೆ ಸ್ವೀಡನ್ ಪೌರನಾದ ಕಾರಣ ಸ್ವೀಡಿಷ್ ಪೌರತ್ವವೂ ಬಂದ ಹುಡುಗಿ. 1929ರಲ್ಲಿ ವಾಪಸ್ ಬಂದಳು. ಅಪ್ಪನ ಆಯ್ಕೆ ಅವಳ ಅಮೆರಿಕನ್ ಪೌರತ್ವವನ್ನು ಕಿತ್ತುಕೊಳ್ಳದು ಎಂದಿತು ಕೋರ್ಟು. 1952ರ ಕವಾಕಿಟಾ ಇದರ ಇನ್ನೊಂದು ಮಗ್ಗುಲು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ, ಜಪಾನಿನ ಪೌರತ್ವವೂ ಇದ್ದ ಆತ ಯುದ್ಧಕಾಲದಲ್ಲಿ ಜಪಾನಿನಲ್ಲಿ ದುಭಾಷಿಯಾಗಿದ್ದಾಗ ಅಮೆರಿಕದ ಯುದ್ಧಕೈದಿಗಳನ್ನು ಹಿಂಸಿಸಿದ. ‘ನಾನು ಆಗ ಜಪಾನಿ’ ಎಂಬ ಸಮರ್ಥನೆ ನಡೆಯಲಿಲ್ಲ, ದೇಶದ್ರೋಹ ಸಾಬೀತಾಯಿತು. ಮರಣದಂಡನೆ 1953ರಲ್ಲಿ ಜೀವಾವಧಿಗೆ ಇಳಿಯಿತು. ಎರಡನೇ ಪೌರತ್ವ ಮೊದಲನೆಯದರ ಹೊರೆಯನ್ನು ಇಳಿಸಲಿಲ್ಲ, ಗಮನಿಸಿ. ಹೊರೆ ಪೂರ್ತಿ ಇದೆ ಎಂದ ಮೇಲೆ ಅರ್ಹತೆ ಮಾತ್ರ ಅರ್ಧ ಎನ್ನುವುದು ಹೇಗೆ?

ತಕರಾರು ಅರ್ಜಿ:

ಇಬ್ಬರೂ ಹೇಳಿದ್ದು ಸರಿ, ಆದರೆ ಕ್ರೂಜ್ ಪ್ರಕರಣವನ್ನು ಇದೇ ಬುಟ್ಟಿಗೆ ಹಾಕಬೇಡಿ. ಒಬಾಮ (ಹೊನೊಲುಲು, 1961), ಹ್ಯಾರಿಸ್ (ಓಕ್ಲೆಂಡ್, 1964) ಅಮೆರಿಕದ ನೆಲದಲ್ಲಿ ಹುಟ್ಟಿದವರು. ಅವರಿಗೆ 14ನೇ ತಿದ್ದುಪಡಿ ಸಾಕು. ಕ್ರೂಜ್ ಹುಟ್ಟಿದ್ದು 1970ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ. ಅವರದು ತಾಯಿಯ ಮೂಲಕ, ಸಂಸತ್ತಿನ ಕಾಯ್ದೆಯಿಂದ ಬಂದ ಪೌರತ್ವ. ಆಗಿನ ನಿಯಮದಲ್ಲಿ ಪೌರರಾದ ತಾಯಿಯೋ ತಂದೆಯೋ ಮಗು ಹುಟ್ಟುವ ಮೊದಲು 10 ವರ್ಷ ಅಮೆರಿಕದಲ್ಲಿ ಇದ್ದಿರಬೇಕು, ಅದರಲ್ಲಿ 5 ವರ್ಷ 14 ದಾಟಿದ ಮೇಲೆ. 1986ರಿಂದ ಅದು 5 ಮತ್ತು 2 ಆಯಿತು. ಹುಟ್ಟಿದ ದಿನಾಂಕಕ್ಕೆ ಯಾವ ನಿಯಮ ಇತ್ತೋ ಅದನ್ನೇ ನೋಡಬೇಕು, ಇವತ್ತಿನದನ್ನಲ್ಲ. ಬಹಳ ಮಂದಿ ಎಡವುವುದು ಇಲ್ಲೇ.

ವಿದೇಶದಲ್ಲಿ ಹುಟ್ಟಿದವರು ‘ಜನ್ಮಜಾತ’ ಹೌದೇ ಎಂಬುದನ್ನು ಸುಪ್ರೀಂ ಕೋರ್ಟ್ ನೇರವಾಗಿ ತೀರ್ಮಾನಿಸಿಲ್ಲ. ಹೌದು ಎನ್ನುವುದಕ್ಕೆ ಗಟ್ಟಿ ಆಧಾರ 1790ರ ಕಾಯ್ದೆ: ಮೊದಲ ಸಂಸತ್ತೇ ಕಡಲಾಚೆ ಹುಟ್ಟಿದ ಪೌರರ ಮಕ್ಕಳನ್ನು ಜನ್ಮಜಾತ ಪೌರರೆಂದು ಪರಿಗಣಿಸಬೇಕು ಎಂದು ಬರೆಯಿತು. 1795ರಲ್ಲಿ ‘ಜನ್ಮಜಾತ’ ಎಂಬ ಮಾತು ಬಿಟ್ಟುಹೋಗಿ ಬರೀ ‘ಪೌರರು’ ಉಳಿಯಿತು, ಎದುರು ವಾದದವರ ಗಟ್ಟಿ ಆಧಾರ ಅದೇ. 2016ರಲ್ಲಿ ಪೆನ್ಸಿಲ್ವೇನಿಯಾದ ಕೋರ್ಟು ಕ್ರೂಜ್ ಅರ್ಹರು ಎಂದಿತು, ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೆನಡಾದ ಪೌರತ್ವವನ್ನು ಅವರು 2014ರಲ್ಲೇ ಬಿಟ್ಟಿದ್ದರು, ಆದರೆ ಅದು ರಾಜಕೀಯ ಮುಜುಗರ ತಪ್ಪಿಸಲು. ಅರ್ಹತೆಗೆ ಅದರ ಅಗತ್ಯ ಇರಲಿಲ್ಲ.

ವಿಧಾನದ ವಿಷಯ: ಅಮೆರಿಕದಲ್ಲಿ ಅಭ್ಯರ್ಥಿಯ ಜನನ ಪ್ರಮಾಣಪತ್ರ ಪರಿಶೀಲಿಸುವ ಒಂದು ಕೇಂದ್ರ ಕಚೇರಿ ಇಲ್ಲ. ಮತಪತ್ರಕ್ಕೆ ಹೆಸರು ಸೇರಿಸುವುದು ಆಯಾ ರಾಜ್ಯ. ಗಯಾನಾದಲ್ಲಿ ಹುಟ್ಟಿ ದೇಶೀಕರಣದಿಂದ ಪೌರರಾದ ಒಬ್ಬರನ್ನು ಕೊಲರಾಡೊ ಹೊರಗಿಟ್ಟಾಗ 2012ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ರಾಜ್ಯ ಮಾಡಿದ್ದು ಸರಿ ಎಂದಿತು. ಬರೆದವರು ಆಗಿನ್ನೂ ಸುಪ್ರೀಂ ಕೋರ್ಟಿಗೆ ಹೋಗಿರದ ಗಾರ್ಸಚ್. ಸಾಮಾನ್ಯ ಮತದಾರ ಫೆಡರಲ್ ಕೋರ್ಟಿಗೆ ಹೋದರೆ ಮಾತ್ರ ‘ನಿನಗೆ ವೈಯಕ್ತಿಕವಾಗಿ ಏನು ಹಾನಿ?’ ಎಂಬ ಹೊಸ್ತಿಲಲ್ಲೇ ಅರ್ಜಿ ಬೀಳುತ್ತದೆ. ಒಬಾಮ ವಿರುದ್ಧದ ಅರ್ಜಿಗಳು ಹೆಚ್ಚಿನವು ಹಾಗೆಯೇ ಬಿದ್ದವು. ಹಾಗೆ ಬಿದ್ದದ್ದನ್ನೇ ‘ಕೋರ್ಟು ಉತ್ತರ ಕೊಡಲು ಹೆದರಿತು’ ಎಂದು ಹರಡುತ್ತಾರೆ.

ಇನ್ನು ಜನ್ಮಸಿದ್ಧ ಪೌರತ್ವವನ್ನು ಮೊಟಕುಗೊಳಿಸುವ 2025ರ ಜನವರಿಯ ಅಧ್ಯಕ್ಷೀಯ ಆದೇಶವನ್ನು ಇಲ್ಲಿ ಎಳೆದು ತರುವವರಿಗೆ: ಅದರ ಪಠ್ಯವೇ 30 ದಿನದ ನಂತರ ಹುಟ್ಟುವವರಿಗೆ ಮಾತ್ರ ಎನ್ನುತ್ತದೆ. 35 ವರ್ಷದ ಷರತ್ತು ಇರುವ ಹುದ್ದೆಗೆ ಇವತ್ತಿನ ಯಾವ ಅಭ್ಯರ್ಥಿಗೂ ಅದು ತಾಗುವುದಿಲ್ಲ.

ನಾಮಪತ್ರ:

ಭಾರತದ ಭಾಗ ನಾನು ಹೇಳುತ್ತೇನೆ. ನಮ್ಮಲ್ಲಿ ಗೆರೆ ಬೇರೆ ಕಡೆ ಇದೆ. ರಾಷ್ಟ್ರಪತಿಯಾಗಲು 58ನೇ ವಿಧಿ ಕೇಳುವುದು ಭಾರತದ ಪೌರ, 35 ವರ್ಷ, ಲೋಕಸಭೆಗೆ ಆರಿಸಿಬರುವ ಅರ್ಹತೆ. ಎಲ್ಲಿ ಹುಟ್ಟಿದ್ದು ಎಂದು ಕೇಳುವುದಿಲ್ಲ. ಸಂಸದರಿಗೆ 84ನೇ ವಿಧಿಯೂ ಅಷ್ಟೇ. ನೋಂದಣಿಯಿಂದ ಪೌರರಾದವರೂ ಪ್ರಧಾನಿಯಾಗಬಹುದು.

ಆದರೆ ಅಮೆರಿಕ ಸುಮ್ಮನಿರುವ ಕಡೆ ನಾವು ಬಿಗಿ. 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸ್ವಂತ ಇಚ್ಛೆಯಿಂದ ವಿದೇಶಿ ಪೌರತ್ವ ಪಡೆದ ಕ್ಷಣವೇ ಭಾರತದ್ದು ಹೋಯಿತು. ಅರ್ಜಿ ಬೇಕಿಲ್ಲ, ಆದೇಶ ಬೇಕಿಲ್ಲ. 102(1)(ಡಿ) ಇನ್ನೂ ಒಂದು ಹೆಜ್ಜೆ ಮುಂದೆ: ಪೌರತ್ವ ಪಡೆಯದಿದ್ದರೂ ವಿದೇಶಕ್ಕೆ ನಿಷ್ಠೆ ಒಪ್ಪಿಕೊಂಡಿದ್ದರೆ ಅನರ್ಹತೆ. ಶಾಸಕರಿಗೆ 191(1)(ಡಿ) ಅದೇ ಮಾತು. ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡನ್ನು ಜನ ದ್ವಿಪೌರತ್ವ ಎಂದು ಕರೆಯುತ್ತಾರೆ, ತಪ್ಪು. 7ಬಿ ಸೆಕ್ಷನ್ ಓಸಿಐಯವರಿಗೆ ಮತದಾನ, ಶಾಸನಸಭೆ, ಸಂಸತ್ತು, ರಾಷ್ಟ್ರಪತಿ, ಉಪರಾಷ್ಟ್ರಪತಿ, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಹುದ್ದೆ ಎಲ್ಲವನ್ನೂ ಹೆಸರಿಸಿ ನಿರಾಕರಿಸುತ್ತದೆ.

ಯಾರು ನಿರ್ಧರಿಸುತ್ತಾರೆ ಎಂಬಲ್ಲಿ ಅರ್ಜಿಗಳು ಹಾಳಾಗುವುದು. ಪೌರತ್ವ ಹೋಗಿದೆಯೇ ಎಂದು ತೀರ್ಮಾನಿಸುವ ಅಧಿಕಾರ 9(2)ರಲ್ಲಿ ಕೇಂದ್ರ ಸರ್ಕಾರದ್ದು. ರಾಜೀವ್ ಗಾಂಧಿ ಇಟಲಿಯ ಪೌರತ್ವ ಪಡೆದಿದ್ದಾರೆ ಎಂಬ ಚುನಾವಣಾ ತಕರಾರಿನಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿದ್ದು ಇದನ್ನೇ: ಸರ್ಕಾರದ ತೀರ್ಮಾನ ಬರುವ ತನಕ ಆ ವ್ಯಕ್ತಿಯನ್ನು ಪೌರ ಎಂದೇ ನಡೆಸಿಕೊಳ್ಳಬೇಕು, ಹೈಕೋರ್ಟು ತಾನೇ ಮೊದಲ ಸಲ ಅದನ್ನು ಕೆದಕುವಂತಿಲ್ಲ. ಹಾಗಾಗಿ ಮೊದಲು ಗೃಹ ಸಚಿವಾಲಯ, ಆಮೇಲೆ ಕೋರ್ಟು. ಸಚಿವಾಲಯದ ಮುಂದೆ ವಿದೇಶಿ ಪಾಸ್‌ಪೋರ್ಟ್ ಪ್ರತಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಪೌರತ್ವ ನಿಯಮಗಳ 3ನೇ ಷೆಡ್ಯೂಲ್ ಅದನ್ನು ನಿರ್ಣಾಯಕ ಸಾಕ್ಷ್ಯ ಎನ್ನುತ್ತದೆ, 1962ರ ಇಜ್ಹಾರ್ ಅಹ್ಮದ್ ಖಾನ್ ತೀರ್ಪು ಅಂಥ ನಿಯಮವನ್ನು ಒಪ್ಪಿದೆ.

ಚುನಾವಣಾ ತಕರಾರು ಅರ್ಜಿಗೆ ಗಡುವು ಫಲಿತಾಂಶದಿಂದ 45 ದಿನ, ಹೈಕೋರ್ಟಿನಲ್ಲಿ. ಒಂದು ದಿನ ತಡವಾದರೂ ಮನ್ನಾ ಇಲ್ಲ. ಅರ್ಜಿಯಲ್ಲಿ ‘ಆ ದೇಶದ ಕಾನೂನಿನ ಪ್ರಕಾರ ಇವರು ಇನ್ನೂ ಅಲ್ಲಿನ ಪೌರರು’ ಎಂದಷ್ಟೇ ಬರೆದರೆ ಸಾಲದು. ವಿದೇಶಿ ಕಾನೂನು ನಮ್ಮ ಕೋರ್ಟಿಗೆ ‘ಸಂಗತಿ’. ಯಾವ ಕಾಯ್ದೆ, ಯಾವ ಕಲಂ, ಅದು ಏನು ಹೇಳುತ್ತದೆ ಎಂದು ಬರೆದು, ಸಾಕ್ಷ್ಯದಿಂದ ರುಜುವಾತು ಮಾಡಬೇಕು. 2001ರಲ್ಲಿ ಸೋನಿಯಾ ಗಾಂಧಿ ವಿರುದ್ಧದ ಅರ್ಜಿಗಳು ಬಿದ್ದದ್ದು ಇಂಥ ಕೊರತೆಯಿಂದಲೇ. ಅವರು 1983ರಲ್ಲಿ ಪೌರತ್ವ ಕಾಯ್ದೆಯ 5(1)(ಸಿ) ಅಡಿ, ಭಾರತೀಯರ ಪತ್ನಿಯಾಗಿ ನೋಂದಣಿಯಾದವರು.

ಗಡಿರೇಖೆ:

ತುಂಬ ಸ್ಪಷ್ಟವಾಯಿತು, ಎಲ್ಲರಿಗೂ ಧನ್ಯವಾದ. ಒಂದು ಉಪಪ್ರಶ್ನೆ. ಭಾರತೀಯ ದಂಪತಿಗೆ ಅಮೆರಿಕದಲ್ಲಿ ಹುಟ್ಟಿದ ಮಗು ‘ಸ್ವಂತ ಇಚ್ಛೆಯಿಂದ’ ಪಡೆದದ್ದಲ್ಲವಲ್ಲ? ಮುಂದೆ ಇಲ್ಲಿ ಚುನಾವಣೆಗೆ ನಿಲ್ಲಬಹುದೇ? ಮತ್ತು ಆಸ್ಟ್ರೇಲಿಯಾ ಬಾಕಿ ಉಳಿಯಿತು.

ನಾಮಪತ್ರ:

ಇಚ್ಛೆಯಿಂದಲ್ಲ ನಿಜ, ಹಾಗಾಗಿ 9ನೇ ಸೆಕ್ಷನ್ ತಾಗದು. ತಾಗುವುದು 4ನೇ ಸೆಕ್ಷನ್. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದವರ ಜನನವನ್ನು ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟ್‌ನಲ್ಲಿ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ತಂದೆತಾಯಿ ಬರೆದುಕೊಡಬೇಕು. ಇಲ್ಲಿ ಎರಡು ನ್ಯಾಯವ್ಯಾಪ್ತಿಗಳು ನಿಜವಾಗಿಯೂ ಡಿಕ್ಕಿ ಹೊಡೆಯುತ್ತವೆ: ಅಮೆರಿಕದ ಕಾನೂನು ತನ್ನ ಪೌರರು ಹೋಗುವಾಗ ಬರುವಾಗ ತನ್ನ ಪಾಸ್‌ಪೋರ್ಟನ್ನೇ ಹಿಡಿದಿರಬೇಕು ಎನ್ನುತ್ತದೆ. ಹೆಚ್ಚಿನವರು ಅಜ್ಜಿಮನೆಗೆ ಕರೆತರುವ ಆತುರದಲ್ಲಿ ಅಮೆರಿಕದ ಪಾಸ್‌ಪೋರ್ಟ್ ಮಾಡಿಸುತ್ತಾರೆ. ಅಲ್ಲಿಗೆ ಈ ದಾರಿ ಮುಚ್ಚಿತು.

ನೋಂದಣಿ ಮಾಡಿಸಿದ್ದರೂ 4(1ಎ) ಕಾದಿದೆ. 18 ತುಂಬಿದ ಆರು ತಿಂಗಳೊಳಗೆ ಇನ್ನೊಂದು ಪೌರತ್ವ ಬಿಡದಿದ್ದರೆ ಭಾರತದ್ದು ಹೋಗುತ್ತದೆ. ಅಮೆರಿಕದ್ದನ್ನು ಮಗುವಿನ ಪರವಾಗಿ ತಂದೆತಾಯಿ ಬಿಡುವಂತಿಲ್ಲ; ಆ ಮಗನೋ ಮಗಳೋ ತಾನೇ ಅಮೆರಿಕದ ಹೊರಗೆ, ಕಾನ್ಸುಲರ್ ಅಧಿಕಾರಿಯ ಮುಂದೆ ಖುದ್ದು ನಿಂತು ಪ್ರಮಾಣ ಮಾಡಬೇಕು. ಅಪಾಯಿಂಟ್‌ಮೆಂಟ್ ಸಿಗುವುದೇ ತಡ, ಹಾಗಾಗಿ ಹುಟ್ಟುಹಬ್ಬದ ತಿಂಗಳಲ್ಲೇ ಕೇಳಿಡಿ.

ದಾರಿ ಮುಚ್ಚಿದವರಿಗೆ 5(1)(ಎಫ್) ಅಥವಾ 5(1)(ಜಿ) ಇದೆ. ಮೊದಲನೆಯದಕ್ಕೆ ತಾನೋ ತಂದೆತಾಯಿಯಲ್ಲಿ ಒಬ್ಬರೋ ಹಿಂದೆ ಭಾರತದ ಪೌರರಾಗಿದ್ದಿರಬೇಕು, ಎರಡನೆಯದಕ್ಕೆ ಐದು ವರ್ಷದ ಓಸಿಐ ಬೇಕು. ಎರಡಕ್ಕೂ ಅರ್ಜಿಗೆ ಮುಂಚಿನ 12 ತಿಂಗಳ ಭಾರತವಾಸ ಉಂಟು. ಈ 12 ತಿಂಗಳನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ತೆಲಂಗಾಣದ ವೇಮುಲವಾಡ ಶಾಸಕರಾಗಿದ್ದ ಚೆನ್ನಮನೇನಿ ರಮೇಶ್ ಅವರ ಪ್ರಕರಣ ಅದರ ಮೇಲೆಯೇ ನಿಂತದ್ದು. 2024ರ ಡಿಸೆಂಬರ್‌ನಲ್ಲಿ ಹೈಕೋರ್ಟು ಅವರು ಜರ್ಮನಿಯ ಪೌರರು ಎಂದು ತೀರ್ಮಾನಿಸಿ 30 ಲಕ್ಷ ರೂಪಾಯಿ ಕಟ್ಟಲು ಹೇಳಿತು. ಅಷ್ಟರಲ್ಲಿ ಹಲವು ಅವಧಿ ಶಾಸಕತ್ವ ಮುಗಿದಿತ್ತು.

ದಾಖಲೆಪೆಟ್ಟಿಗೆ:

ಆಸ್ಟ್ರೇಲಿಯಾ: 44(i) ವಿದೇಶಿ ಕಾನೂನನ್ನು ಬಾಗಿಲು ತೆರೆದು ಒಳಗೆ ಕರೆಯುವ ಅಪರೂಪದ ಕಲಂ. ಬೇರೆ ದೇಶದ ಪ್ರಜೆಯಾಗಿದ್ದರೂ, ಪ್ರಜೆಯ ಹಕ್ಕು ಪಡೆಯಲು ಅರ್ಹನಾಗಿದ್ದರೂ ಸಂಸತ್ತಿಗೆ ಅನರ್ಹ. ಗೊತ್ತಿರಲಿಲ್ಲ ಎಂದರೂ ನಡೆಯದು. 2017ರ ಅಕ್ಟೋಬರ್ 27ರಂದು ಅಲ್ಲಿನ ಹೈಕೋರ್ಟು (ಆ ದೇಶದ ಅತ್ಯುನ್ನತ ನ್ಯಾಯಾಲಯ) ಏಳು ಜನರಲ್ಲಿ ಐವರನ್ನು ಅನರ್ಹಗೊಳಿಸಿತು. ಉಪಪ್ರಧಾನಿ ಬಾರ್ನಬಿ ಜಾಯ್ಸ್ ಕೂಡ, ತಂದೆ ನ್ಯೂಜಿಲೆಂಡಿನಲ್ಲಿ ಹುಟ್ಟಿದ ಒಂದೇ ಕಾರಣಕ್ಕೆ. ಅವರು ಅದನ್ನು ಬಿಟ್ಟು ಡಿಸೆಂಬರ್ 2ರ ಉಪಚುನಾವಣೆಯಲ್ಲಿ ಗೆದ್ದು ಮರಳಿದರು.

ದಿನಾಂಕದ ಪೆಟ್ಟು ಗೊತ್ತಾಗಬೇಕಾದರೆ ಅಲ್ಲಿನ ಸೆನೆಟರ್ ಕೇಟಿ ಗಲಾಘರ್ ಪ್ರಕರಣ ನೋಡಿ. ಬ್ರಿಟಿಷ್ ಪೌರತ್ವ ಬಿಡುವ ಆರ್‌ಎನ್ ಫಾರ್ಮನ್ನು 2016ರ ಏಪ್ರಿಲ್‌ನಲ್ಲೇ ಕಳಿಸಿದ್ದರು. ನಾಮಪತ್ರ ಮೇ 31ಕ್ಕೆ. ಬ್ರಿಟನ್ನಿನ ಕಚೇರಿ ಜುಲೈನಲ್ಲಿ ಮೂಲ ಪ್ರಮಾಣಪತ್ರಗಳನ್ನು ಕೇಳಿ, ಆಗಸ್ಟ್ 16ಕ್ಕೆ ನೋಂದಾಯಿಸಿತು. ಬ್ರಿಟಿಷ್ ಕಾನೂನಿನಲ್ಲಿ ಪೌರತ್ವ ಹೋಗುವುದು ನೋಂದಣಿಯಾದ ದಿನ, ಫಾರ್ಮ್ ಕಳಿಸಿದ ದಿನ ಅಲ್ಲ. ‘ನನ್ನ ಕೈಲಾದ್ದು ಮಾಡಿದೆ’ ಎಂಬ ವಾದ 2018ರ ಮೇ 9ರಂದು ಬಿತ್ತು. ಆ ವಿನಾಯಿತಿ ವಿದೇಶಿ ಕಾನೂನು ಬಿಡಲು ದಾರಿಯನ್ನೇ ಕೊಡದಿದ್ದಾಗ ಮಾತ್ರ.

ನೇಪಾಳದ್ದು ಇನ್ನೂ ವಿಚಿತ್ರ. ರವಿ ಲಾಮಿಛಾನೆ ಅಮೆರಿಕದ ಪೌರತ್ವ ಬಿಟ್ಟಿದ್ದರು, ಆದರೆ ನೇಪಾಳದ್ದನ್ನು ಮತ್ತೆ ಪಡೆಯುವ ವಿಧಿ ಪೂರೈಸದೆ ಹಳೆಯ ಪ್ರಮಾಣಪತ್ರದ ಮೇಲೆಯೇ ಗೆದ್ದು ಉಪಪ್ರಧಾನಿಯಾದರು. 2023ರ ಜನವರಿ 27ರಂದು ಸುಪ್ರೀಂ ಕೋರ್ಟು ಸಂಸತ್ ಸ್ಥಾನ ರದ್ದು ಮಾಡಿತು. ಅವರು ಹೊಸದಾಗಿ ಪೌರತ್ವ ಪಡೆದು ಏಪ್ರಿಲ್‌ನ ಉಪಚುನಾವಣೆಯಲ್ಲಿ ಮತ್ತೆ ಗೆದ್ದರು. ಶ್ರೀಲಂಕಾದಲ್ಲಿ ಎರಡು ಪೌರತ್ವ ಇದ್ದವರು ಸಂಸತ್ತಿಗೆ ಅನರ್ಹರು ಎಂಬ ನಿಯಮ 2015ರಲ್ಲಿ ಬಂತು, 2020ರಲ್ಲಿ ಹೋಯಿತು, 2022ರಲ್ಲಿ ಮತ್ತೆ ಬಂತು. ಅಲ್ಲಿಯ ಅಭ್ಯರ್ಥಿಯ ಬಗ್ಗೆ ಬರೆಯುವಾಗ ಮೊದಲು ವರ್ಷ ನೋಡಿಕೊಳ್ಳಿ.

ಕರಡುಪ್ರತಿ:

ಚಿಕ್ಕ ಸೇರ್ಪಡೆ. ಬ್ರಿಟನ್ನಿನ ಪೌರತ್ವ ಬಿಡುವವರು ಆರು ತಿಂಗಳೊಳಗೆ ಬೇರೊಂದು ಪೌರತ್ವ ಕೈಯಲ್ಲಿ ಇಲ್ಲವಾದರೆ ಬಿಟ್ಟದ್ದೇ ಅಸಿಂಧು, ಮತ್ತೆ ಬ್ರಿಟಿಷ್ ಪೌರರೇ. ಅಮೆರಿಕದಲ್ಲಿ ಲೆಕ್ಕ ತಿರುಗುಮುರುಗು: ವಾಷಿಂಗ್ಟನ್ನಿನ ಅನುಮೋದನೆ ತಿಂಗಳುಗಟ್ಟಲೆ ತಡವಾಗಿ ಬಂದರೂ ಪೌರತ್ವ ಹೋದ ದಿನ ಎಂದರೆ ಪ್ರಮಾಣ ಮಾಡಿದ ದಿನ. ಬ್ರಿಟನ್ನಿನ ಬೋರಿಸ್ ಜಾನ್ಸನ್ 1964ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಕಾರಣಕ್ಕೆ ಲಂಡನ್ ಮನೆ ಮಾರಿದ ಲಾಭದ ಮೇಲೂ ಅಮೆರಿಕಕ್ಕೆ ತೆರಿಗೆ ಕಟ್ಟಬೇಕಾಯಿತು, 2016ರಲ್ಲಿ ಆ ಪೌರತ್ವ ಬಿಟ್ಟರು. ಲಂಡನ್ ಮೇಯರ್, ಸಂಸದ ಆಗುವುದಕ್ಕೆ ಮಾತ್ರ ಅದು ಎಂದೂ ಅಡ್ಡ ಬಂದಿರಲಿಲ್ಲ.